ಲಿಬರೇಟರ್ ಬಾಂಬು ವಿಮಾನದ ಪ್ರತಿಕೃತಿಯೂ ಕಾಲನಿರ್ಣಯವೂ

ಸಂಸ್ಕೃತ ಪಾಠಶಾಲೆಗಳಲ್ಲಿ ವ್ಯಾಕರಣವನ್ನೂ ಅಲಂಕಾರವನ್ನೂ ಓದಿ, ಅದನ್ನೇ ಇತರರಿಗೆ ಹೇಳಿಕೊಡುತ್ತ ಐವತ್ತನ್ನು ದಾಟಿದ ಲೇಖಕನು ಎರಡನೆಯ ಮಹಾಯುದ್ಧದ ಒಂದು ಬಾಂಬು ವಿಮಾನವನ್ನು ಕುರಿತು ಈ ಪತ್ರಿಕೆಯಲ್ಲಿ ಬರೆಯಹೊರಟಿರುವುದು ಕೆಲವು ವಾಚಕ ಮಹಾಶಯರಿಗೆ ಅಪ್ರಸಕ್ತವೆಂದು ತೋರಬಹುದು. ಆದರೆ ಇಲ್ಲಿ ವಿಚಾರಿಸತಕ್ಕ ವಿಷಯವು ವಿಮಾನದ ವೇಗವೂ ಅಲ್ಲ, ಅದು ಸುರಿಸಿದ ಬಾಂಬುಗಳ ಲೆಕ್ಕವೂ ಅಲ್ಲ. ಹಲವು ಮುರುಕುಗಳಿಂದ ಕೂಡಿಸಿ ಕಟ್ಟಿದ ಒಂದು ವಸ್ತುವಿಗೆ ಪ್ರತಿಕೃತಿಯನ್ನು ಮಾಡುವವನು ಅದರ ಯಾವ ಕಾಲದ ರೂಪವನ್ನು ನಿಜವೆಂದು ಹಿಡಿಯಬೇಕು ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾದುದು. ಓಲೆಗರಿಯ ಗ್ರಂಥಗಳನ್ನು ಶೋಧಿಸುವವರಿಗೆ ಈ ಪ್ರಶ್ನೆಯು ಹೊಸದಲ್ಲ.

ಪ್ರಸಂಗವು ಒದಗಿದುದು ಹೀಗೆ. ಸೀತಾನದಿಯೂ ಸ್ವರ್ಣಾನದಿಯೂ ಕೂಡಿ ಸಮುದ್ರವನ್ನು ಸೇರುವ ಅಳಿವೆಯ ದಡದಲ್ಲಿರುವ ಹಂಗಾರಕಟ್ಟೆಯು ಹಳೆಯ ಬಂದರು. ಎದುರು ದಡದಲ್ಲಿ ಕೋಡಿ ಬೆಂಗ್ರೆ. ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಅಳುಪರೂ ವಿಜಯನಗರದ ಅಧಿಕಾರಿಗಳೂ ಆಳಿದ ಬಾರಕೂರು. ಮಂಜಿಗಳ ಕಾಲವು ಕಳೆದುಹೋದರೂ ಹಡಗುಕಟ್ಟೆಯ ಸದ್ದು ಇಲ್ಲಿ ಪೂರ್ಣವಾಗಿ ನಿಂತಿಲ್ಲ. ಮಂಜಿ ಕಟ್ಟುತ್ತಿದ್ದ ಆಚಾರಿಗಳ ಮನೆತನದ ಒಬ್ಬ ತರುಣನು ಹಗಲು ದೋಣಿಕೆಲಸವನ್ನು ಮಾಡಿ, ರಾತ್ರಿಯ ಹೊತ್ತು ಮರದ ತುಂಡುಗಳಿಂದ ಲಿಬರೇಟರ್ ಎಂಬ ನಾಲ್ಕು ಯಂತ್ರಗಳ ಬಾಂಬು ವಿಮಾನವನ್ನು ಎಪ್ಪತ್ತೆರಡರಲ್ಲೊಂದು ಪ್ರಮಾಣದಲ್ಲಿ ಕಡೆದು ಜೋಡಿಸುತ್ತಿದ್ದನು. ಬಾಲ್ಯದಲ್ಲಿ ನನ್ನ ಬಳಿ ಅಮರಕೋಶವನ್ನು ಕಂಠಪಾಠ ಮಾಡಿದವನಾದುದರಿಂದ ಸಂದೇಹ ಬಂದಾಗ ಮನೆಗೆ ಬರುವುದು ಅವನಿಗೆ ರೂಢಿ. ಒಂದು ಸಂಜೆ ಬಂದು, "ಭಟ್ಟರೇ, ರೆಕ್ಕೆ ಮುಗಿಯಿತು, ಬಾಲವೂ ಮುಗಿಯಿತು, ಇದರ ಮೇಲೆ ಯಾರ ಗುರುತು ಬರೆಯಬೇಕು? ಅಮೇರಿಕದವರದೋ, ಇಂಗ್ಲಿಷರದೋ, ನಮ್ಮದೋ?" ಎಂದು ಕೇಳಿದನು. ಅಂದು ನಾನು ಆತುರದಿಂದ ಕೊಟ್ಟ ಉತ್ತರವು ತಪ್ಪಾಯಿತು. ಆ ತಪ್ಪಿನ ಶೋಧನೆಯಿಂದಲೇ ಈ ಲೇಖನವು ಹುಟ್ಟಿತು.

ಮೊದಲು ಪ್ರತಿಕೃತಿ ಎಂಬ ಶಬ್ದವನ್ನು ವಿಚಾರಿಸೋಣ. ಪಾಣಿನಿಯು ಪಂಚಮಾಧ್ಯಾಯದ ತೃತೀಯ ಪಾದದಲ್ಲಿ ಒಂದು ವಸ್ತುವಿನ ಪ್ರತಿಕೃತಿಯನ್ನು ಹೇಳುವಾಗ 'ಕನ್' ಪ್ರತ್ಯಯವನ್ನು ವಿಧಿಸಿರುವನು. ಅಶ್ವದ ಪ್ರತಿಕೃತಿಯು ಅಶ್ವಕ. ಮುಂದಿನ ಸೂತ್ರವೊಂದರಲ್ಲಿ ಜೀವನೋಪಾಯಕ್ಕಾಗಿದ್ದರೂ ಮಾರಾಟಕ್ಕಲ್ಲದ ಪ್ರತಿಕೃತಿಗಳ ವಿಷಯದಲ್ಲಿ ಆ ಪ್ರತ್ಯಯಕ್ಕೆ ಲೋಪವನ್ನು ಹೇಳಿದೆ. ಮೌರ್ಯರು ಹೊನ್ನಿನಾಸೆಯಿಂದ ಪ್ರತಿಮೆಗಳನ್ನು ಮಾಡಿಸಿದರೆಂಬ ಪತಂಜಲಿಯ ಪ್ರಸಿದ್ಧವಾದ ಮಾತು ಬಂದಿರುವುದು ಆ ಸಂದರ್ಭದಲ್ಲಿಯೇ. ನಮ್ಮ ತರುಣನ ವಿಮಾನಕವು ಮಾರಾಟಕ್ಕೂ ಅಲ್ಲ, ಜೀವನೋಪಾಯಕ್ಕೂ ಅಲ್ಲ. ಅದಕ್ಕೆ ವೈಯಾಕರಣರು ಯಾವ ರೂಪವನ್ನು ಕೊಡಬೇಕೆಂಬುದನ್ನು ಅವರಿಗೇ ಬಿಡುತ್ತೇನೆ.

ಪ್ರಮಾಣದ ವಿಷಯದಲ್ಲಿ ಶಿಲ್ಪಶಾಸ್ತ್ರವು ವ್ಯಾಕರಣಕ್ಕಿಂತ ಹೆಚ್ಚು ಉಪಕಾರಿಯಾಗಿದೆ. ನಮ್ಮ ಶಿಲ್ಪಿಗಳಲ್ಲಿ ಅಂಗುಲವು ಒಂದೇ ಬಗೆಯದಲ್ಲ. ಎಂಟು ಯವಗಳಿಗೆ ಒಂದು ಅಂಗುಲವೆಂಬುದು ಮಾನಾಂಗುಲ. ಇದು ಮನೆ, ಹೊಲ, ಬಟ್ಟೆ ಎಲ್ಲಕ್ಕೂ ಒಂದೇ. ಪ್ರತಿಮೆಯ ಎತ್ತರವನ್ನೇ ನೂರೆಂಟು ಮುಂತಾದ ಸಮಭಾಗಗಳನ್ನಾಗಿ ವಿಭಜಿಸಿ, ಆ ಒಂದು ಭಾಗವನ್ನು ಆ ಪ್ರತಿಮೆಯ ಮಟ್ಟಿಗೆ ಅಂಗುಲವೆಂದು ಇಟ್ಟುಕೊಂಡರೆ ಅದು ದೇಹಲಬ್ಧಾಂಗುಲ. ವಿಗ್ರಹವು ಗೇಣುದ್ದವಿರಲಿ, ಕಾರ್ಕಳದ ಗೊಮ್ಮಟನಷ್ಟಿರಲಿ, ಮುಖಕ್ಕೆ ಇಷ್ಟು, ಕಂಠಕ್ಕೆ ಇಷ್ಟು ಎಂಬ ಲೆಕ್ಕವು ಕೆಡುವುದಿಲ್ಲ. ಮಾದರಿ ಮಾಡುವವರು ಎಪ್ಪತ್ತೆರಡರಲ್ಲೊಂದು ಎನ್ನುವುದೂ ತತ್ತ್ವದಲ್ಲಿ ಇದೇ. ನಿಜವಾದ ವಸ್ತುವಿನ ಆರು ಅಡಿಗಳು ಪ್ರತಿಕೃತಿಯ ಒಂದು ಅಂಗುಲ. ಆರಡಿಯೆಂದರೆ ಒಬ್ಬ ನೀಳಕಾಯದ ಮನುಷ್ಯನ ಎತ್ತರ. ಆದುದರಿಂದ ಈ ಪ್ರಮಾಣದಲ್ಲಿ ವಿಮಾನಭಟನು ಒಂದಂಗುಲದ ಬೊಂಬೆಯಾಗಿ ನಿಲ್ಲುವನು.

ಈ ಪ್ರಮಾಣವು ರೂಢಿಗೆ ಬಂದ ಕಥೆಯೂ ತಿಳಿಯತಕ್ಕದ್ದಾಗಿದೆ. ಇಂಗ್ಲೆಂಡಿನಲ್ಲಿ 1932ರಲ್ಲಿ 'ಸ್ಕೈಬರ್ಡ್ಸ್' ಎಂಬ ಹೆಸರಿನ ಮರದ ಮಾದರಿಗಳು ಈ ಪ್ರಮಾಣದಲ್ಲಿ ಮಾರಾಟಕ್ಕೆ ಬಂದವು. 1936ರಲ್ಲಿ 'ಫ್ರಾಗ್ ಪೆಂಗ್ವಿನ್' ಎಂಬ ಪ್ಲಾಸ್ಟಿಕ್ ಮಾದರಿಗಳು ಹೊರಟವು. ಆಟಿಕೆಯಾಗಿದ್ದ ಇದು ಯುದ್ಧಕಾಲದಲ್ಲಿ ಶಸ್ತ್ರದ ಅಂಗವಾಯಿತು. ಆಕಾಶದಲ್ಲಿ ಕಾಣುವ ವಿಮಾನವು ತಮ್ಮದೋ ಶತ್ರುವಿನದೋ ಎಂಬುದನ್ನು ಕ್ಷಣಮಾತ್ರದಲ್ಲಿ ಗುರುತಿಸುವ ಅಭ್ಯಾಸಕ್ಕಾಗಿ ಅಮೇರಿಕದ ನೌಕಾದಳದವರು 1942ರಲ್ಲಿ ಅಲ್ಲಿಯ ಶಾಲೆಗಳ ಹುಡುಗರಿಂದ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಸಲು ಏರ್ಪಾಡು ಮಾಡಿದರು. ಅವುಗಳಿಗೆ ಬಣ್ಣಗುರುತುಗಳಿಲ್ಲ, ಎಲ್ಲಕ್ಕೂ ಕಪ್ಪು ಬಣ್ಣವೇ. ಮೂವತ್ತೈದು ಅಡಿ ದೂರದಲ್ಲಿ ಹಿಡಿದ ಮಾದರಿಯು ಕಣ್ಣಿಗೆ 2520 ಅಡಿ, ಎಂದರೆ ಸುಮಾರು ಅರ್ಧ ಮೈಲಿ ದೂರದ ನಿಜವಾದ ವಿಮಾನದಷ್ಟೇ ತೋರುವುದು. ಇಲ್ಲಿ ಪ್ರತಿಕೃತಿಗೆ ಬೇಕಾದುದು ಹೊರಗೆರೆಯ ಸತ್ಯ ಮಾತ್ರ. ಅದು ಯಾವ ಕಾರ್ಖಾನೆಯಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಎಷ್ಟು ವರ್ಷವಿತ್ತು ಎಂಬ ವಿಚಾರವು ತೋಪಿನವನಿಗೆ ಬೇಡ. ಚರಿತ್ರಕಾರನಿಗೆ ಬೇಕಾದುದಾದರೋ ಅದೇ.

ನಮ್ಮ ಕರಾವಳಿಯ ಹಡಗುಗಾರರಲ್ಲಿ ಮಾದರಿಯನ್ನು ಮೊದಲು ಮಾಡಿ ಆಮೇಲೆ ಹಡಗನ್ನು ಕಟ್ಟುವ ಪದ್ಧತಿಯನ್ನು ನಾನು ನೋಡಿಲ್ಲ. ಅಡಿಮರವನ್ನು ಇಟ್ಟು, ಅದರ ಉದ್ದದಿಂದಲೇ ಉಳಿದುದನ್ನೆಲ್ಲ ಕಣ್ಣಳತೆಯಿಂದ ಹೊರಡಿಸುವರು, ಇದೂ ದೇಹಲಬ್ಧವೇ. ಭೋಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವಿನಲ್ಲಿ ನೌಕೆಗಳನ್ನು ಉದ್ದ ಅಗಲ ಎತ್ತರಗಳ ಅನುಪಾತದಿಂದಲೇ ವಿಂಗಡಿಸಿದೆ ಎಂಬುದನ್ನು 1912ರಲ್ಲಿ ರಾಧಾಕುಮುದ ಮುಖರ್ಜಿಯವರು ತಮ್ಮ ಭಾರತೀಯ ನೌಕಾಯಾನದ ಚರಿತ್ರೆಯಲ್ಲಿ ಎತ್ತಿ ತೋರಿಸಿದರು. ಆ ತರುಣನ ಕೈಯಲ್ಲಿ ಈ ಹಳೆಯ ಅಭ್ಯಾಸವಿರುವುದನ್ನು ಕಂಡೆನು. ಮುದ್ರಿತ ನಕ್ಷೆಯಿಂದ ರೆಕ್ಕೆಯ ಉದ್ದವನ್ನೊಂದು ತೆಗೆದುಕೊಂಡು, ಉಳಿದ ಅಳತೆಗಳನ್ನು ಕೈವಾರದಿಂದ ಅದಕ್ಕೆ ಹೋಲಿಸಿ ಹಾಕುವನೇ ಹೊರತು ಅಂಕಿಗಳನ್ನು ನಂಬುವುದಿಲ್ಲ.

ವಿಮಾನವೆಂದೊಡನೆ ಪಂಡಿತರ ಬಾಯಿಂದ ಪುಷ್ಪಕವು ಹೊರಡುವುದೆಂಬ ಪರಿಹಾಸವುಂಟು. ಅದನ್ನು ಇಲ್ಲಿಯೇ ಮುಗಿಸಿಬಿಡುವೆನು. ಧಾರೆಯ ಭೋಜನ ಸಮರಾಂಗಣಸೂತ್ರಧಾರದಲ್ಲಿ ಯಂತ್ರಗಳನ್ನು ಹೇಳುವ ಮೂವತ್ತೊಂದನೆಯ ಅಧ್ಯಾಯವಿದೆ. ಹಗುರವಾದ ಮರದಿಂದ ಮಾಡಿದ ಪಕ್ಷಿಯಾಕಾರದ ಯಂತ್ರವೂ ಅದರೊಳಗೆ ಪಾದರಸವೂ ಅಲ್ಲಿ ಬಂದಿವೆ. ಆದರೆ ಯಂತ್ರಗಳ ಘಟನೆಯನ್ನು ಪೂರ್ತಿಯಾಗಿ ಹೇಳದಿರುವುದು ಗೋಪ್ಯಕ್ಕಾಗಿ, ಅಜ್ಞಾನದಿಂದಲ್ಲ, ಎಂದು ಗ್ರಂಥಕಾರನೇ ಹೇಳಿಕೊಂಡಿರುವನು. ಅಳತೆಯನ್ನು ಕೊಡದ ಯಂತ್ರಕ್ಕೆ ಮಾದರಿಯನ್ನು ಮಾಡಲಾಗದು. ಇನ್ನು ಆನೇಕಲ್ಲಿನ ಸುಬ್ಬರಾಯಶಾಸ್ತ್ರಿಗಳು ಹೇಳಿ ಬರೆಯಿಸಿದ ವೈಮಾನಿಕಶಾಸ್ತ್ರವನ್ನು ಭರದ್ವಾಜಪ್ರೋಕ್ತವೆಂದು ನಾನೂ ತಾರುಣ್ಯದಲ್ಲಿ ನಂಬಿ, ಒಂದೆರಡು ಸಭೆಗಳಲ್ಲಿ ಉಪನ್ಯಾಸವನ್ನೂ ಮಾಡಿದ್ದುಂಟು. ಅದರ ಭಾಷೆಯು ಪ್ರಾಚೀನವಲ್ಲವೆಂದೂ ಅದರಲ್ಲಿ ಚಿತ್ರಿಸಿದ ಯಂತ್ರಗಳು ಹಾರಲಾರವೆಂದೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಐವರು ವಿದ್ವಾಂಸರು 1974ರಲ್ಲಿಯೇ ನಿರ್ಣಯಿಸಿದ್ದರು. ಆ ಪರೀಕ್ಷೆಯನ್ನು ಓದಿದ ಮೇಲೆ ಮೂಲದ ಶ್ಲೋಕಗಳನ್ನು ಮತ್ತೊಮ್ಮೆ ನೋಡಿದೆನು. ಛಂದಸ್ಸಿನ ಸರಾಗವೇ ಅದರ ವಯಸ್ಸನ್ನು ಹೇಳುತ್ತಿತ್ತು. ವೈಯಾಕರಣನಾದ ನನಗೆ ಅದು ಮೊದಲೇ ಕಾಣಬೇಕಾಗಿದ್ದಿತು.

ಈಗ ಪ್ರಕೃತಕ್ಕೆ ಬರೋಣ. ಲಿಬರೇಟರ್ ವಿಮಾನವನ್ನು ರಚಿಸಿದುದು ಅಮೇರಿಕದ ಕನ್ಸಾಲಿಡೇಟೆಡ್ ಸಂಸ್ಥೆ. 1939ರ ಡಿಸೆಂಬರ್ 29ರಂದು ಸಾನ್ ಡಿಯೇಗೋ ನಗರದಲ್ಲಿ ಇದು ಮೊದಲು ಹಾರಿತು. ಯುದ್ಧವು ಮುಗಿಯುವುದರೊಳಗೆ ಹದಿನೆಂಟು ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಮೋಟಾರುಗಳನ್ನು ಮಾಡುವ ಫೋರ್ಡ್ ಸಂಸ್ಥೆಯೂ ಇದಕ್ಕೆಂದೇ ಒಂದು ಮಹಾ ಕಾರ್ಖಾನೆಯನ್ನು ಕಟ್ಟಿತು. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಎಪ್ಪತ್ತೆರಡರ ಪ್ರಮಾಣದಲ್ಲಿ ಇದು ಹದಿನೆಂಟೂ ಮೂರನೆಯ ಒಂದು ಅಂಗುಲವಾಗುವುದು. ದೇಹದ ಉದ್ದವು 67 ಅಡಿಗಿಂತ ಸ್ವಲ್ಪ ಹೆಚ್ಚು, ಮಾದರಿಯಲ್ಲಿ ಹನ್ನೊಂದು ಅಂಗುಲ ಚಿಲ್ಲರೆ. ರೆಕ್ಕೆಯು ದೇಹದ ಮೇಲ್ಭಾಗದಲ್ಲಿ ಕುಳಿತಿರುವುದು. ಉದ್ದಕ್ಕೆ ಹೋಲಿಸಿದರೆ ಬಹಳ ಕಿರಿದಾದ ಅಗಲ. ಹೀಗೆ ನೀಳವಾಗಿರುವುದರಿಂದಲೇ ಇದು ದೂರ ಹಾರಬಲ್ಲುದಾಯಿತು. ಮರದಲ್ಲಿ ಇದನ್ನು ಕಡೆಯುವುದು ಕಷ್ಟ. ತುದಿಯ ಕಡೆಗೆ ಸಪುರವಾಗುತ್ತ ಹೋಗುವಾಗ ಮರದ ನಾರು ಅಡ್ಡವಾದರೆ ಒಡೆದುಹೋಗುವುದು. ಆ ತರುಣನು ಎರಡು ರೆಕ್ಕೆಗಳನ್ನು ಒಡೆದ ಮೇಲೆ, ದೋಣಿಯ ಹುಟ್ಟನ್ನು ಕಡೆಯುವಂತೆ ನಾರಿನ ಜಾಡನ್ನು ನೋಡಿ ಮೂರನೆಯದನ್ನು ತೆಗೆದನು.

ಹಿಂಭಾಗದಲ್ಲಿ ಎರಡು ಅಂಡಾಕಾರದ ಬಾಲಫಲಕಗಳು. ಯಂತ್ರಗಳ ಮುಸುಕುಗಳು ದುಂಡಗಿರದೆ ಅಡ್ಡಕ್ಕೆ ಅಗಲವಾಗಿರುವುವು. ನಾಲ್ಕು ಯಂತ್ರಗಳಲ್ಲಿ ಒಂದೊಂದಕ್ಕೆ ಏಳೇಳರಂತೆ ಎರಡು ಸಾಲು, ಹದಿನಾಲ್ಕು ಸಿಲಿಂಡರುಗಳು, ಒಟ್ಟು ಐವತ್ತಾರು. ಸೂಜಿಗೆ ದಾರವನ್ನು ಸುತ್ತಿ ಐವತ್ತಾರನ್ನೂ ಮಾಡಿದ್ದಾನೆ. ಬಾಂಬಿನ ಕೋಣೆಯ ಬಾಗಿಲುಗಳು ಇತರ ವಿಮಾನಗಳಂತೆ ಕೆಳಕ್ಕೆ ತೆರೆದುಕೊಳ್ಳದೆ ಅಂಗಡಿಯ ಷಟರಿನಂತೆ ದೇಹದ ಪಕ್ಕಕ್ಕೆ ಸುತ್ತಿಕೊಂಡು ಮೇಲೇರುವುವು. ಇದನ್ನೆಲ್ಲ ನೋಡಿದವರು ಸೂಕ್ಷ್ಮವನ್ನು ಹೊಗಳುವರು. ಆದರೆ ಸೂಕ್ಷ್ಮಕ್ಕೂ ಒಂದು ಮೇರೆಯುಂಟು. ತಗಡುಗಳ ಸಂದನ್ನು ತೋರಿಸಲೆಂದು ಮಾದರಿಯ ಮೇಲೆ ಅರ್ಧ ಮಿಲಿಮೀಟರು ಅಗಲದ ಗೆರೆಯನ್ನು ಕೊರೆದರೆ, ನಿಜವಾದ ವಿಮಾನದಲ್ಲಿ ಅದು 36 ಮಿಲಿಮೀಟರಿನ ಬಿರುಕಾಗುವುದು. ಅದರಲ್ಲಿ ಎರಡು ಬೆರಳುಗಳನ್ನು ತೂರಿಸಬಹುದು. ಸತ್ಯವನ್ನು ತೋರಿಸಹೋಗಿ ಸುಳ್ಳನ್ನು ಕೆತ್ತಿದಂತಾಯಿತು. ಆದುದರಿಂದ ಅವನು ಗೆರೆಗಳನ್ನು ಕೊರೆಯದೆ ಪೆನ್ಸಿಲಿನಿಂದ ಎಳೆದು ಬಿಟ್ಟಿರುವನು. ಈ ವಿವೇಕವು ಎಲ್ಲ ಟೀಕಾಕಾರರಿಗೂ ಇದ್ದಿದ್ದರೆ ನಮ್ಮ ಗ್ರಂಥಗಳು ಎಷ್ಟೋ ತೆಳ್ಳಗಿರುತ್ತಿದ್ದುವು.

ಈ ವಿಮಾನಕ್ಕೂ ಕನ್ನಡ ನಾಡಿಗೂ ಸಂಬಂಧವೇನೆಂದು ಕೇಳಬಹುದು. ಸಂಬಂಧವು ಬೆಂಗಳೂರಿನದು. ಶೇಠ್ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ಸರಕಾರದೊಡನೆ ಸೇರಿ 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲರು. ನೆಲವನ್ನೂ ಬಂಡವಾಳದ ಪಾಲನ್ನೂ ಸಂಸ್ಥಾನವು ಕೊಟ್ಟಿತು. ಅಮೇರಿಕದ ವಿಲಿಯಂ ಪಾಲಿ ಎಂಬಾತನು ಯಂತ್ರಸಾಮಗ್ರಿಗಳನ್ನೂ ಕುಶಲರನ್ನೂ ತಂದನು. 1941ರಲ್ಲಿಯೇ ಹಾರ್ಲೋ ಎಂಬ ಅಭ್ಯಾಸ ವಿಮಾನವು ಇಲ್ಲಿ ಜೋಡಣೆಯಾಗಿ ಹಾರಿತು. 1942ರಲ್ಲಿ ಹಾಕ್ ಎಂಬ ಯುದ್ಧವಿಮಾನ. ಅಷ್ಟರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದರು. ಹೊಸ ವಿಮಾನಗಳನ್ನು ಕಟ್ಟುವುದಕ್ಕಿಂತ ಇದ್ದುದನ್ನು ದುರಸ್ತು ಮಾಡುವುದೇ ಅಗತ್ಯವಾಯಿತು. 1943ರಿಂದ ಯುದ್ಧಾಂತ್ಯದವರೆಗೆ ಕಾರ್ಖಾನೆಯು ಅಮೇರಿಕದ ವಾಯುಸೇನೆಯ 84ನೆಯ ಡಿಪೋ ಆಗಿ ನಡೆಯಿತು. ಕೆಟಲೀನಾ ಎಂಬ ಜಲವಿಮಾನಗಳು ದುರಸ್ತಿಗಾಗಿ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದುವು. ಬೆಂಗಳೂರಿನ ಕೆಲಸಗಾರರು ಪರರ ವಿಮಾನಗಳ ಒಳಹೊರಗನ್ನು ಕಲಿತುದು ಈ ಮೂರು ವರ್ಷಗಳಲ್ಲಿ. ಅದರ ಫಲವು ಮುಂದೆ ಕಂಡಿತು.

ಬ್ರಿಟಿಷ್ ವಾಯುದಳದವರು ಆಗ್ನೇಯ ಏಷ್ಯದ ಯುದ್ಧದಲ್ಲಿ ಬಳಸುತ್ತಿದ್ದ ಲಿಬರೇಟರುಗಳು ಅವರ ಸ್ವಂತದವಲ್ಲ. ಲೆಂಡ್-ಲೀಸ್ ಎಂಬ ಸಾಲಗುತ್ತಿಗೆಯ ಏರ್ಪಾಡಿನಿಂದ ಅಮೇರಿಕವು ಕೊಟ್ಟವು. ಯುದ್ಧವು ಮುಗಿದ ಮೇಲೆ ಅವನ್ನು ಹಿಂದಿರುಗಿಸಬೇಕು, ಇಲ್ಲವೆ ಉಪಯೋಗಕ್ಕೆ ಬಾರದಂತೆ ಮಾಡಬೇಕು ಎಂಬುದು ಕರಾರು. ಸಾಗರವನ್ನು ದಾಟಿಸಿ ಒಯ್ಯುವ ವೆಚ್ಚವನ್ನು ಯಾರೂ ಬಯಸಲಿಲ್ಲ. ಆದುದರಿಂದ ಕಾನ್ಪುರದ ಚಕೇರಿ ನಿಲ್ದಾಣದಲ್ಲಿ ಅವನ್ನು ಸಾಲಾಗಿ ನಿಲ್ಲಿಸಿ ಕೆಡಿಸಿದರು. ಯಂತ್ರಗಳೊಳಗೆ ಮರಳನ್ನು ಸುರಿದುದು, ಉಪಕರಣಗಳನ್ನು ಕೊಡಲಿಯಿಂದ ಒಡೆದುದು, ದೇಹವನ್ನು ಎತ್ತಿ ಕೆಡವಿದುದು ಮೊದಲಾದ ವೃತ್ತಾಂತಗಳು ಪ್ರಸಿದ್ಧವಾಗಿವೆ. ಹಾಗೆ ಬಿದ್ದಿದ್ದವುಗಳಲ್ಲಿ ಬದುಕತಕ್ಕವನ್ನು ಆರಿಸುವುದಕ್ಕಾಗಿ ಬೆಂಗಳೂರಿನ ಕಾರ್ಖಾನೆಯ ಜನರು ಹೋದರು. ಒಂದರ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಯಂತ್ರ ಹೀಗೆ ಕೂಡಿಸಿ, ಒಂದು ಸಲ ಹಾರುವಷ್ಟು ಮಾತ್ರ ಸರಿಪಡಿಸಿ, ಸುಮಾರು 1500 ಕಿಲೋಮೀಟರು ದೂರದ ಬೆಂಗಳೂರಿಗೆ ಹಾರಿಸಿಕೊಂಡು ಬರುವುದು. ಅಲ್ಲಿ ಪೂರ್ಣವಾದ ಜೀರ್ಣೋದ್ಧಾರ. ಕಾರ್ಖಾನೆಯ ಮುಖ್ಯ ಪರೀಕ್ಷಾಚಾಲಕರಾದ ಜಮ್‌ಶೇದ್ ಮುನ್ಶಿಯವರು ನಲವತ್ತಕ್ಕೂ ಮಿಕ್ಕಿ ಲಿಬರೇಟರುಗಳನ್ನು ಹೀಗೆ ತಂದರು. ಕೆಟ್ಟುಹೋಗಲೆಂದೇ ಕೆಡಿಸಿದ ವಸ್ತುವಿನಲ್ಲಿ ಕುಳಿತು, ಯಾವ ಕೀಲು ಒಳಗೆ ಸೀಳಿದೆಯೋ ತಿಳಿಯದೆ, ಒಂದಲ್ಲ ಎರಡಲ್ಲ, ನಲವತ್ತು ಸಲ ಏರುವುದು ಸಾಮಾನ್ಯವಾದ ಧೈರ್ಯವಲ್ಲ. ಅವರ ಹೆಸರಾದರೂ ಉಳಿದಿದೆ. ರಿವೆಟ್ಟುಗಳನ್ನು ಬಡಿದವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ನನಗೆ ದೊರೆಯಲಿಲ್ಲ.

1948ರ ನವೆಂಬರಿನಲ್ಲಿ ಈ ವಿಮಾನಗಳಿಂದ ಭಾರತದ ವಾಯುದಳದ 5ನೆಯ ಸ್ಕ್ವಾಡ್ರನ್ನು ಕಾನ್ಪುರದಲ್ಲಿ ಏರ್ಪಟ್ಟಿತು. ನಮ್ಮ ದೇಶದ ಮೊದಲನೆಯ ಭಾರಿ ಬಾಂಬರುಗಳ ದಳವಿದು. ಯಾವ ನೆಲದಲ್ಲಿ ಅವನ್ನು ಒಡೆದರೋ ಅದೇ ನೆಲ. ಮುಂದೆ 6ನೆಯ ಸ್ಕ್ವಾಡ್ರನ್ನಿನವರು ಪುಣೆಯಿಂದ ಸಮುದ್ರದ ಕಾವಲಿಗೆ ಇವನ್ನು ಬಳಸಿದರು. 1968ರಲ್ಲಿ ಇವು ನಿವೃತ್ತವಾದುವು. ಅಷ್ಟರಲ್ಲಿ ಇವನ್ನು ಹುಟ್ಟಿಸಿದ ದೇಶದಲ್ಲಿಯೇ ಇವು ಎಂದೋ ತಗಡಾಗಿ ಕರಗಿಹೋಗಿದ್ದುವು.

ಇಲ್ಲಿ ಗ್ರಂಥಸಂಪಾದನೆಯ ಹೋಲಿಕೆಯು ತಾನಾಗಿ ಒದಗುತ್ತದೆ. ಪುಣೆಯ ಭಂಡಾರಕರ ಸಂಶೋಧನ ಮಂದಿರದಿಂದ ಮಹಾಭಾರತದ ಆದಿಪರ್ವವು 1933ರಲ್ಲಿ ಸಂಪೂರ್ಣವಾಗಿ ಹೊರಬಂದಾಗ ಸುಕಥನಕರರು ಬರೆದ ಉಪೋದ್ಘಾತವನ್ನು ಓದಿದವರಿಗೆ ಗೊತ್ತು. ಒಂದು ಹಸ್ತಪ್ರತಿಯನ್ನು ಒಂದೇ ಮೂಲದಿಂದ ಇಳಿದುದೆಂದು ಭಾವಿಸಲಾಗದು. ಲಿಪಿಕಾರನು ಎರಡು ಮೂರು ಪ್ರತಿಗಳನ್ನು ಮುಂದಿಟ್ಟುಕೊಂಡು ಇಲ್ಲಿಂದೊಂದು ಶ್ಲೋಕ, ಅಲ್ಲಿಂದೊಂದು ಶ್ಲೋಕ ಸೇರಿಸಿರುವನು. ಇಂತಹ ಸಂಕೀರ್ಣ ಪ್ರತಿಗೆ ವಂಶವೃಕ್ಷವನ್ನು ಬರೆಯುವುದು ದುಸ್ಸಾಧ್ಯ. ಬೆಂಗಳೂರಿನ ಲಿಬರೇಟರೂ ಸಂಕೀರ್ಣ ಪ್ರತಿಯೇ. ಅದರ ದೇಹದ ಅಮೇರಿಕದ ಸಂಖ್ಯೆಯನ್ನೂ ಬ್ರಿಟಿಷರ ಸಂಖ್ಯೆಯನ್ನೂ ಗುರುತಿಸಿದರೂ ರೆಕ್ಕೆಯು ಯಾವುದರದೆಂದು ಹೇಳಲಾಗದು. ಆದರೆ ಒಂದು ಭೇದವುಂಟು. ಸಂಪಾದಕನು ಕಲಬೆರಕೆಯನ್ನು ಕಳೆದು ಮೂಲಕ್ಕೆ ಹೋಗಲೆಳಸುವನು. ಇಲ್ಲಿ ಕಲಬೆರಕೆಯೇ ಕೃತಿ. ಅದನ್ನು ಕಳೆದರೆ ಉಳಿಯುವುದು ಬೇರೊಂದು ದೇಶದ ಬೇರೊಂದು ವಿಮಾನ.

ಆದುದರಿಂದ ಪ್ರತಿಕೃತಿಯನ್ನು ಮಾಡುವವನು 'ಲಿಬರೇಟರನ್ನು ಮಾಡುತ್ತೇನೆ' ಎಂದರೆ ಸಾಲದು. ಇಂಥ ದಳದ, ಇಂಥ ವರ್ಷದ ಲಿಬರೇಟರನ್ನು ಎಂದು ಹೇಳಬೇಕು. ಒಂದೇ ದೇಹವು ಕೆಲವೇ ವರ್ಷಗಳಲ್ಲಿ ಎಷ್ಟು ಗುರುತುಗಳನ್ನು ಧರಿಸಿತು ನೋಡಿರಿ. ಹುಟ್ಟಿದಾಗ ಅಮೇರಿಕದ ನಕ್ಷತ್ರ. ಬ್ರಿಟಿಷರ ಕೈಸೇರಿದಾಗ ಅವರ ವರ್ತುಲ; ಅದರಲ್ಲಿಯೂ ಭಾರತ-ಬರ್ಮಾಗಳ ಭಾಗದಲ್ಲಿ ನಡುವಿನ ಕೆಂಪನ್ನು ತೆಗೆದುಬಿಟ್ಟಿದ್ದರು, ಜಪಾನೀಯರ ಕೆಂಪು ಸೂರ್ಯನೆಂದು ಭ್ರಮಿಸಿ ತಮ್ಮವರೇ ಗುಂಡು ಹಾರಿಸಬಾರದೆಂದು. ಭಾರತದ ದಳವನ್ನು ಸೇರಿದ ಮೇಲೆ 'ಎಚ್‌ಇ' ಎಂದು ಮೊದಲಾಗುವ ಸಂಖ್ಯೆಗಳೂ ಅಶೋಕಚಕ್ರದ ಗುರುತೂ. 1950ರ ಜನವರಿಯಲ್ಲಿ ನಮ್ಮ ದೇಶವು ಗಣರಾಜ್ಯವಾಗಿ ವಾಯುದಳದ ಹೆಸರಿನಿಂದ 'ರಾಯಲ್' ಎಂಬ ವಿಶೇಷಣವು ಬಿದ್ದುಹೋದಾಗ, ಹೊರಗೆ ಕೇಸರಿ, ನಡುವೆ ಬಿಳುಪು, ಒಳಗೆ ಹಸುರು ಇರುವ ವರ್ತುಲ.

ನನ್ನ ತಪ್ಪು ಈಗ ವಾಚಕರಿಗೆ ತಿಳಿದಿರಬೇಕು. 1948ರಲ್ಲಿ 5ನೆಯ ಸ್ಕ್ವಾಡ್ರನ್ನಿಗೆ ಸೇರಿದ ವಿಮಾನವನ್ನು ಮಾಡಲು ಆ ತರುಣನು ನಿಶ್ಚಯಿಸಿದ್ದನು. ಸ್ವತಂತ್ರ ಭಾರತದ ವಿಮಾನವಲ್ಲವೇ, ಮೂರು ಬಣ್ಣದ ವರ್ತುಲವನ್ನೇ ಬರೆ ಎಂದು ನಾನು ಹೇಳಿದೆನು. ಗುರುವಿನ ಮಾತೆಂದು ಅವನು ರೆಕ್ಕೆಗಳ ಮೇಲೆ ಎರಡು, ಕೆಳಗೆ ಎರಡು, ದೇಹದ ಪಕ್ಕಗಳಲ್ಲಿ ಎರಡು, ಹೀಗೆ ಆರು ವರ್ತುಲಗಳನ್ನು ಸಣ್ಣ ಕುಂಚದಿಂದ ಮೂರು ವಾರಗಳ ಕಾಲ ಬರೆದನು. ಆಮೇಲೆ ಆ ಕಾಲದ ಒಂದು ಛಾಯಾಚಿತ್ರದಲ್ಲಿ ಅಶೋಕಚಕ್ರವು ಕಂಡಿತು. ಶಾಸನವನ್ನು ನೋಡುವಾಗ ಶಕವರ್ಷವನ್ನು ಮೊದಲು ಓದಬೇಕೆಂದು ನೂರು ಸಲ ಇತರರಿಗೆ ಹೇಳಿದವನು ನಾನೇ. ಅವನು ಏನೂ ಅನ್ನಲಿಲ್ಲ. "ಬಣ್ಣ ಕೆರೆದರೆ ಹೋಗ್ತದೆ ಭಟ್ಟರೇ" ಎಂದು ಮಾತ್ರ ಹೇಳಿ ಉಪ್ಪುಕಾಗದವನ್ನು ತೆಗೆದುಕೊಂಡನು. ಕೆರೆಯುವಾಗ ಎಡ ರೆಕ್ಕೆಯ ತುದಿಯ ಮರ ಸ್ವಲ್ಪ ತಗ್ಗಾಯಿತು. ಬೆಳಕಿಗೆ ಹಿಡಿದರೆ ಈಗಲೂ ಅದು ಕಾಣುವುದು, ನನಗಂತೂ ಮೊದಲು ಕಾಣುವುದು ಅದೇ.

ಈ ವಿಚಾರವು ಒಂದು ಮನೆಯ ಮರದ ಬೊಂಬೆಗೆ ಮಾತ್ರ ಸಂಬಂಧಿಸಿದುದಲ್ಲ. ಲೋಕದಲ್ಲಿ ಇಂದು ಉಳಿದಿರುವ ಕೆಲವೇ ಲಿಬರೇಟರುಗಳಲ್ಲಿ ಹಲವು ಭಾರತದ ದಳದಿಂದ ಹೋದವು. ನಿವೃತ್ತಿಯ ಕಾಲಕ್ಕೆ ಒಂದು ಕೆನಡಾ ದೇಶದ ಆಟಾವಾ ನಗರಕ್ಕೆ ಹೋಯಿತು. ಒಂದು ಅಮೇರಿಕದ ಆರಿಜೋನಾದ ಪೀಮಾ ಸಂಗ್ರಹಾಲಯಕ್ಕೆ. 1974ರಲ್ಲಿ ಒಂದು ಇಂಗ್ಲೆಂಡಿನ ರಾಯಲ್ ಏರ್ ಫೋರ್ಸಿನ ಸಂಗ್ರಹಾಲಯಕ್ಕೆ. ಇಂಗ್ಲೆಂಡಿಗೆ ಹೋದುದಕ್ಕೆ ಭಾರತದಲ್ಲಿ 'ಎಚ್‌ಇ 807' ಎಂಬ ಸಂಖ್ಯೆಯಿದ್ದಿತು. ಅದಕ್ಕೂ ಮೊದಲು ಬ್ರಿಟಿಷರಲ್ಲಿ 'ಕೆಎನ್ 751'. ಇನ್ನೊಂದರ ಕಥೆಯು ಇನ್ನೂ ವಿಚಿತ್ರವಾದುದು. 1944ರಲ್ಲಿ ಅಮೇರಿಕದಲ್ಲಿ ಹುಟ್ಟಿ, ಬ್ರಿಟಿಷರಿಗೆ ಕೊಡಲ್ಪಟ್ಟು, ಕಾನ್ಪುರದಲ್ಲಿ ತ್ಯಕ್ತವಾಗಿ, ಭಾರತದವರಿಂದ ಉಜ್ಜೀವಿತವಾಗಿ 1968ರವರೆಗೆ ಸೇವೆ ಮಾಡಿದ ಒಂದು ವಿಮಾನವನ್ನು 1981ರಲ್ಲಿ ಒಬ್ಬ ಆಂಗ್ಲ ಸಂಗ್ರಾಹಕನು ಕೊಂಡನು. 1984ರಲ್ಲಿ ಅಮೇರಿಕದ ಕಾಲಿಂಗ್ಸ್ ಪ್ರತಿಷ್ಠಾನವು ಅವನಿಂದ ಪಡೆದು ದುರಸ್ತು ಮಾಡಿಸಿ 1989ರಲ್ಲಿ ಮತ್ತೆ ಹಾರಿಸಿತು. ಅಲ್ಲಿ ಅದು ಮೊದಲು 'ಆಲ್ ಅಮೆರಿಕನ್', ಬಳಿಕ 'ದಿ ಡ್ರಾಗನ್ ಅಂಡ್ ಹಿಸ್ ಟೇಲ್', ಅನಂತರ 'ವಿಚ್‌ಕ್ರಾಫ್ಟ್' ಎಂಬ ಹೆಸರುಗಳನ್ನೂ ಆಯಾ ಬಣ್ಣಗಳನ್ನೂ ಧರಿಸಿತು. ಈ ಮೂರೂ ಯುದ್ಧಕಾಲದಲ್ಲಿದ್ದ ಬೇರೆ ಬೇರೆ ವಿಮಾನಗಳ ವೇಷಗಳು. ಆ ದೇಹದ ಸ್ವಂತ ಚರಿತ್ರೆಯ ವೇಷಗಳಲ್ಲ.

ಯುದ್ಧದಲ್ಲಿ ಮಡಿದ ತಮ್ಮವರ ಸ್ಮರಣೆಗಾಗಿ ಅಲ್ಲಿಯವರು ಹಾಗೆ ಮಾಡಿದುದು ಅವರಿಗೆ ಸಹಜ. ಅದನ್ನು ದೂಷಿಸುವ ಅಧಿಕಾರವು ನಮಗಿಲ್ಲ. ಆದರೆ ಫಲವೇನಾಯಿತೆಂದರೆ, ನೋಡುವವನ ಕಣ್ಣಿಗೆ 1945ರಿಂದ ಆ ಕಡೆಗೆ ಕಾಲವೇ ಇಲ್ಲ. ಸೇವೆಯ ಇಪ್ಪತ್ತು ವರ್ಷಗಳೂ, ಅದಕ್ಕೆ ಮತ್ತೆ ಜೀವ ಕೊಟ್ಟ ಬೆಂಗಳೂರಿನ ಕೈಗಳೂ ಬಣ್ಣದ ಅಡಿಯಲ್ಲಿ ಮುಚ್ಚಿಹೋದುವು. ಮಾದರಿಗಳನ್ನು ಅಚ್ಚುಹಾಕಿ ಮಾರುವವರೂ ಪೆಟ್ಟಿಗೆಯ ಮೇಲೆ ಯೂರೋಪಿನ ಆಕಾಶವನ್ನೇ ಹೆಚ್ಚಾಗಿ ಚಿತ್ರಿಸುವರು. ದಿಲ್ಲಿಯ ಪಾಲಂ ನಿಲ್ದಾಣದ ವಾಯುದಳ ಸಂಗ್ರಹಾಲಯದಲ್ಲಿರುವ 'ಎಚ್‌ಇ 924' ಎಂಬ ವಿಮಾನವು ಭಾರತದ ಗುರುತುಗಳಲ್ಲಿಯೇ ನಿಂತಿರುವುದರಿಂದ ನಮ್ಮಂಥವರಿಗೆ ಅದೊಂದು ಮೂಲಪ್ರತಿಯಂತಿದೆ. ಆದರೆ ಅದೂ ಕೊನೆಯ ಕಾಲದ ರೂಪ. 1948ರ ರೂಪವನ್ನು ಅದರಿಂದ ಊಹಿಸಬಹುದೇ ಹೊರತು ಸಾಧಿಸಲಾಗದು. ಹೊಟ್ಟೆಯ ಕೆಳಗಿನ ಬಂದೂಕಿನ ಗೋಳವು ಇದ್ದಿತೇ, ತೆಗೆದಿದ್ದರೇ ಎಂಬಂತಹ ಚಿಕ್ಕ ಸಂದೇಹಕ್ಕೂ ಆಯಾ ವಿಮಾನದ, ಆಯಾ ವರ್ಷದ ಛಾಯಾಚಿತ್ರವೇ ಪ್ರಮಾಣ.

ಹಂಗಾರಕಟ್ಟೆಯ ಮಾದರಿಯು ಈಗ ಬಹುಮಟ್ಟಿಗೆ ಮುಗಿದಿದೆ. ಬಣ್ಣವು ಬರಿಯ ಲೋಹದ ಬೆಳ್ಳಿಯದು. ಆರು ಕಡೆಗಳಲ್ಲಿ ಅಶೋಕಚಕ್ರ. ಚಕ್ರದ ಇಪ್ಪತ್ತನಾಲ್ಕು ಅರಗಳನ್ನು ಆ ಅಳತೆಯಲ್ಲಿ ಬರೆಯಲಾಗದೆಂದು ನಾನೆಂದರೂ ಅವನು ಕೇಳಲಿಲ್ಲ. ಇಪ್ಪತ್ತನಾಲ್ಕನ್ನೂ ಬರೆದಿದ್ದಾನೆ, ಎಣಿಸಿ ನೋಡಿದೆನು. ಹೊಟ್ಟೆಯ ಗೋಳವನ್ನು ಬೇರೆಯಾಗಿ ಮಾಡಿ, ಅಂಟಿಸದೆ, ಸೇರಿಸಲೂ ತೆಗೆಯಲೂ ಬರುವಂತೆ ಇಟ್ಟಿದ್ದಾನೆ. ದೇಹದ ಹಿಂಭಾಗದಲ್ಲಿ 'ಎಚ್‌ಇ' ಎಂಬೆರಡಕ್ಷರಗಳನ್ನು ಬರೆದು ಮುಂದಿನ ಮೂರು ಅಂಕಿಗಳ ಸ್ಥಳವನ್ನು ಬರಿದಾಗಿ ಬಿಟ್ಟಿದ್ದಾನೆ. 1948-49ರಲ್ಲಿ 5ನೆಯ ಸ್ಕ್ವಾಡ್ರನ್ನಿನಲ್ಲಿದ್ದ ಒಂದು ವಿಮಾನದ ಸಂಖ್ಯೆಯೂ ಹೊಟ್ಟೆಯ ಭಾಗವೂ ಸ್ಪಷ್ಟವಾಗಿ ಕಾಣುವ ಛಾಯಾಚಿತ್ರವು ಅವನಿಗೆ ಬೇಕಾಗಿದೆ. ಬೆಂಗಳೂರಿನ ಕಾರ್ಖಾನೆಯಲ್ಲಿ ಆ ಕಾಲಕ್ಕೆ ದುಡಿದವರ ಮನೆಗಳಲ್ಲಿ, ಹಳೆಯ ಪೆಟ್ಟಿಗೆಗಳಲ್ಲಿ, ಗೋಡೆಯ ಪಟಗಳಲ್ಲಿ ಅಂತಹ ಚಿತ್ರಗಳಿರುವ ಸಂಭವವುಂಟು. ಇದ್ದಲ್ಲಿ ಅದರ ಒಂದು ನಕಲನ್ನೂ ಅದರಲ್ಲಿ ನಿಂತಿರುವವರ ಹೆಸರುಗಳನ್ನೂ ಪತ್ರಿಕೆಯ ಸಂಪಾದಕರ ಮೂಲಕ ಕಳುಹಿಸಿಕೊಡಬೇಕೆಂದು ವಾಚಕರನ್ನು ಪ್ರಾರ್ಥಿಸುತ್ತೇನೆ.